ಮಾಂಬಳ್ಳಿ ಮೇಸ್ತ್ರಿಗೆ ಭಾನುವಾರದ ವೀಳ್ಯ

ಮನೆ ಕೊಳ್ಳಲೆಂದು ನೋಡಲು ಬಂದವರನ್ನು ಪಂಡಿತರು ಮೊದಲು ಬಚ್ಚಲಿಗೆ ಕರೆದುಕೊಂಡು ಹೋಗುತ್ತಿದ್ದರು. ಹಂಡೆಯಿಂದ ಒಂದು ತಂಬಿಗೆ ನೀರು ಮೊಗೆದು ನೆಲಕ್ಕೆ ಸುರಿಯುತ್ತಿದ್ದರು. ನೀರು ಗೋಡೆಯ ಕಿಂಡಿಯ ಕಡೆ ಹೋಗದೆ, ಮೆಲ್ಲಗೆ ತಿರುಗಿ, ಸೀದಾ ಅಡುಗೆಮನೆಗೆ ಬರುತ್ತಿತ್ತು. "ನೋಡಿದಿರಾ? ಇದು ಒಂದನೆಯದು" ಎನ್ನುತ್ತಿದ್ದರು. ಆಮೇಲೆ ಬೀದಿ ಬಾಗಿಲು. ಅದು ನೆಲಕ್ಕೆ ಉಜ್ಜಿ ಉಜ್ಜಿ ಸಿಮೆಂಟಿನ ಮೇಲೆ ಅರ್ಧ ಚಂದ್ರನ ಗೀರು ಬಿದ್ದಿತ್ತು. ಆಮೇಲೆ ಎರಡು ಕಿಟಕಿ, ಅವುಗಳ ಬಾಗಿಲುಗಳು ಮುನಿಸಿಕೊಂಡ ಗಂಡ ಹೆಂಡಿರ ಹಾಗೆ ಒಂದನ್ನೊಂದು ಮುಟ್ಟುತ್ತಿರಲಿಲ್ಲ. ಕೊನೆಗೆ ನಡುಮನೆಯ ದೀಪದ ಸ್ವಿಚ್ಚು. ಅದನ್ನು ಎಷ್ಟು ಚೆನ್ನಾದ ಜಾಗದಲ್ಲಿ ಕೂರಿಸಿದ್ದರೆಂದರೆ, ಬಾಗಿಲು ತೆರೆದರೆ ಸ್ವಿಚ್ಚು ಬಾಗಿಲ ಹಿಂದೆ ಅಡಗುತ್ತಿತ್ತು. ಕತ್ತಲಲ್ಲಿ ಒಳಗೆ ಬಂದವರು ಮತ್ತೆ ಬಾಗಿಲು ಹಾಕಿಕೊಂಡು ತಡಕಾಡಿ ದೀಪ ಹಾಕಬೇಕಿತ್ತು.

ಯಳಂದೂರಿನಿಂದ ಬಂದಿದ್ದ ರೇಷ್ಮೆ ವ್ಯಾಪಾರಿಯೊಬ್ಬರು ಇದನ್ನೆಲ್ಲ ನೋಡಿ ತಲೆ ಕೆರೆದುಕೊಂಡರು. "ಅಲ್ಲ ಸಾಮಿ, ಮನೆ ಮಾರಕ್ ಕರ್ಸಿದ್ರಾ, ಮನೆ ಬೈಯಕ್ ಕರ್ಸಿದ್ರಾ?" ಅಂದರು.

"ಈಗ ತಿಳಿದಿರಲಿ ಅಂತ. ಮೇಸ್ತ್ರಿ ಬಂದು ಸರಿ ಮಾಡುತ್ತಾರೆ. ಆಮೇಲೆ ಕೊಡುತ್ತೇನೆ" ಎಂದರು ಪಂಡಿತರು. ಕೊಟ್ಟ ಕಾಫಿ ಕುಡಿದು ಹೋದ ವ್ಯಾಪಾರಿ ತಿರುಗಿ ನೋಡಲಿಲ್ಲ.

ಪಂಡಿತರೆಂದರೆ ನಮ್ಮ ಕೊಳ್ಳೇಗಾಲದ ಹೈಸ್ಕೂಲಿನ ತಮಿಳು ಪಂಡಿತರು. ಊರು ಮದರಾಸಿಗೆ ಸೇರಿದ್ದ ಕಾಲದಲ್ಲಿ ಬಂದವರು. ಐವತ್ತಾರರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿದಾಗ, ಆ ಕಡೆಗೆ ಹೋಗುತ್ತೀರೋ ಇಲ್ಲೇ ಇರುತ್ತೀರೋ ಎಂದು ನೌಕರರನ್ನು ಕೇಳಿದರಂತೆ. ಇವರ ಮನೆಗೆ ಆಗ ತಾನೇ ಪಾಯ ಬಿದ್ದಿತ್ತು. ಹೆಂಡತಿಗೆ ಈ ಊರ ನೀರು, ಈ ಊರ ಜನ ಒಗ್ಗಿತ್ತು. ಇಲ್ಲೇ ಇರುತ್ತೇವೆಂದು ಬರೆದುಕೊಟ್ಟರು. ನಾನು ಹನೂರಿನಾಚೆಯ ಬಂಡಳ್ಳಿಯಿಂದ ಸೈನ್ಸ್ ಮೇಷ್ಟರಾಗಿ ಆ ಶಾಲೆಗೆ ಬರುವ ಹೊತ್ತಿಗೆ ಆ ಹೆಂಗಸು ತೀರಿಹೋಗಿದ್ದರು. ಒಬ್ಬಳೇ ಮಗಳನ್ನು ಸತ್ಯಮಂಗಲದಾಚೆಯ ಒಂದು ಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದರು. ತರಗತಿಯಲ್ಲಿ ತಮಿಳು ತೆಗೆದುಕೊಳ್ಳುವ ಹುಡುಗರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಒಂದು ವರ್ಷ ಮೂವರಿದ್ದರು. ಮೂವರಿಗೂ ಅವರು ಮೂವತ್ತು ಜನರಿಗೆ ಕೇಳಿಸುವ ಹಾಗೆ ಪಾಠ ಹೇಳುತ್ತಿದ್ದರು. ಪಕ್ಕದ ಕೋಣೆಯಲ್ಲಿ ನಾನು ಗುರುತ್ವಾಕರ್ಷಣೆ ಹೇಳುತ್ತಾ ಆ ದನಿ ಕೇಳಿ ಸುಮ್ಮನಾಗಿಬಿಡುತ್ತಿದ್ದೆ.

ಅವರ ಮನೆಗೆ ಅಂಟಿಕೊಂಡಂತಿದ್ದ ಪಕ್ಕದ ಮನೆಯ ಒಂದು ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ನನ್ನ ತಾಯಿ ನಾನು ಚಿಕ್ಕವನಿದ್ದಾಗಲೇ ಹೋಗಿದ್ದಳು. ಅಪ್ಪ ಇನ್ನೊಂದು ಮದುವೆಯಾಗಿ, ಆ ಮನೆಯಲ್ಲಿ ನಾನು ನೆಂಟನಾಗಿದ್ದೆ. ಹೋಟೆಲಿನ ಅನ್ನ ತಿಂದು ಹೊಟ್ಟೆ ಕೆಡಿಸಿಕೊಂಡು ಮಲಗಿದ್ದ ಒಂದು ದಿನ ಪಂಡಿತರು ಕಿಟಕಿಯಿಂದ ಬಗ್ಗಿ, "ತಂಬಿ, ಮೆಣಸಿನ ಸಾರು ಮಾಡಿದ್ದೇನೆ. ಎದ್ದು ಬಾ" ಅಂದರು. ಅವತ್ತಿನಿಂದ ಸಂಜೆಯ ಊಟ ಅವರ ಮನೆಯಲ್ಲೇ. ಬಡಿಸುವಾಗ ಪ್ರತಿ ದಿನವೂ ಒಂದೇ ಪ್ರಶ್ನೆ: "ಉಪ್ಪು ಸರಿಯಾ?" ಸರಿ ಎಂದರೆ ಮುಖ ಅರಳುತ್ತಿತ್ತು. ನಾನು ಒಂದು ದಿನವೂ ಸರಿಯಿಲ್ಲ ಎನ್ನಲಿಲ್ಲ.

ಆ ಮನೆಯನ್ನು ಕಟ್ಟಿದವನು ಮಾಂಬಳ್ಳಿಯ ಒಬ್ಬ ಮೇಸ್ತ್ರಿ. ಕೆಟ್ಟ ಕೆಲಸಗಾರನಲ್ಲ. ಅವನು ಎಬ್ಬಿಸಿದ ಗೋಡೆಗಳು ಇವತ್ತಿಗೂ ಕೊಳ್ಳೇಗಾಲದಲ್ಲಿ ನಿಂತಿವೆ. ಈ ಮನೆಯ ಕೊನೆಯ ಕೆಲಸಗಳ ಹೊತ್ತಿಗೆ ಅವನಿಗೆ ಬೇರೆ ಎರಡು ಮನೆ ಬಂದು, ಇದನ್ನು ಆಳುಗಳ ಕೈಗೆ ಬಿಟ್ಟು ಹೋದ. ಪಂಡಿತರ ಹೆಂಡತಿಗೆ ಆಗಲೇ ಮೈಯಲ್ಲಿ ಸರಿಯಿರಲಿಲ್ಲ. ಸ್ವಂತ ಮನೆಯಲ್ಲಿ ಹಾಲುಕ್ಕಿಸಬೇಕು ಎಂದು ಆಕೆಗೆ ಆಸೆ. ಆಷಾಢ ಹತ್ತಿರ ಬಂದಿತ್ತು, ಅದು ಹಿಡಿದರೆ ಮುಹೂರ್ತವಿರಲಿಲ್ಲ. ಚಿಲ್ಲರೆ ಕೆಲಸ ಆಮೇಲೆ ನೋಡಿಕೊಂಡರಾಯಿತು ಎಂದು ಗೃಹಪ್ರವೇಶ ಮಾಡಿಬಿಟ್ಟರು. ಮೇಸ್ತ್ರಿ ಬಂದು, ಕರಣೆ, ಮಟ್ಟಗೋಲು, ತೂಗುಗುಂಡು ಎಲ್ಲವನ್ನೂ ತೊಳೆದು ಕುಂಕುಮವಿಟ್ಟು, ಪಂಚೆ ಶಲ್ಯ ವೀಳ್ಯ ತೆಗೆದುಕೊಂಡು ನಮಸ್ಕಾರ ಮಾಡಿ ಹೋದ. ಕೆಲಸ ಮುಗಿಯುವ ಮೊದಲೇ ಅವನ್ನು ಕೊಟ್ಟದ್ದೇ ಪಂಡಿತರು ಮಾಡಿದ ತಪ್ಪು.

"ಆಯುಧ ತೊಳ್ದು ಪಂಚೆ ಇಸ್ಕಂಡ್ ಮ್ಯಾಲೆ ಆ ಮನೆ ಋಣ ತೀರ್ತು ಸಾ" ಎಂದನಂತೆ ಮೇಸ್ತ್ರಿ, ಮೊದಲ ಸಲ ಬಚ್ಚಲ ವಿಷಯ ಹೇಳಲು ಹೋದಾಗ. "ಸುಮ್ಕೆ ಓಗಿ ಕರಣೆ ಇಡಂಗಿಲ್ಲ. ಮನೆ ಯಜಮಾನ್ರೇ ನಮ್ಮನೆ ತಾವ ಬಂದು ವೀಳ್ಯ ಕೊಟ್ಟು ಕರೀಬೇಕು."

ಅದರಲ್ಲೇನು ಕಷ್ಟ ಎಂದು ಪಂಡಿತರು ಮರು ಭಾನುವಾರವೇ ಐದು ವೀಳ್ಯದೆಲೆ, ಎರಡು ಅಡಿಕೆ ಚೀಲದಲ್ಲಿಟ್ಟುಕೊಂಡು ಸೈಕಲ್ಲಿನಲ್ಲಿ ಮಾಂಬಳ್ಳಿಗೆ ಹೋದರು. ಮೇಸ್ತ್ರಿ ಭಕ್ತಿಯಿಂದ ಎರಡೂ ಕೈ ಚಾಚಿ ವೀಳ್ಯ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಬಾಯಿಗೆ ಹಾಕಿಕೊಂಡು, "ಬರೋ ಮಂಗಳವಾರ ಬತ್ತೀನಿ" ಅಂದ. ಬರಲಿಲ್ಲ. ಮುಂದಿನ ಭಾನುವಾರ ಕೇಳಿದರೆ, "ಮಂಗಳವಾರ ಯಾರ್ ಸಾ ಕೆಲ್ಸಕ್ಕೆ ಕೈ ಆಕ್ತಾರೆ?" ಎಂದು ಇವರನ್ನೇ ಕೇಳಿದ. ಮತ್ತೆ ವೀಳ್ಯ, ಮತ್ತೆ ಒಂದು ದಿನ. ಒಮ್ಮೆ ಸಿಮೆಂಟು ಸಿಗಲಿಲ್ಲ, ಒಮ್ಮೆ ಚಿಕ್ಕಮ್ಮ ಸತ್ತಳು, ಒಮ್ಮೆ ಹೊಳೆಗೆ ನೀರು ಬಂತು. ಚಿಕ್ಕಮ್ಮ ಎರಡನೇ ಸಲ ಸತ್ತಾಗ ನಾನು ನಕ್ಕೆ. ಪಂಡಿತರು ನಗಲಿಲ್ಲ. "ಅವರಿಗೆ ಇಬ್ಬರು ಚಿಕ್ಕಮ್ಮಂದಿರು ಇರಬಹುದು" ಎಂದರು.

ಕಿಟಕಿ ಮಾಡಿದ ಬಡಗಿ ಹನೂರಿನವನು. ಅವನ ಬಳಿ ಹೋದರೆ, "ಗ್ವಾಡೆ ಸೊಟ್ಟ ಕಣ್ರಿ, ಕಿಟ್ಕಿ ಏನ್ ಮಾಡ್ತದೆ? ಮೇಸ್ತ್ರಿ ಮದ್ಲು ಗ್ವಾಡೆ ನೆಟ್ಗೆ ಮಾಡ್ಲಿ" ಅಂದ. ನಾನೇ ಒಮ್ಮೆ ಕುಂತೂರಿನಿಂದ ಬೇರೊಬ್ಬ ಗಾರೆಯವನನ್ನು ಕರೆತಂದೆ. ಅವನು ಬಚ್ಚಲಿಗೆ ಬಂದು, ನೆಲ ನೋಡಿ, ಯಾರು ಕಟ್ಟಿದ್ದೆಂದು ಕೇಳಿದ. ಹೆಸರು ಕೇಳಿದ್ದೇ ಕರಣೆಯನ್ನು ಚೀಲಕ್ಕೆ ಹಾಕಿಕೊಂಡ. "ಅವ್ನು ಬದ್ಕವ್ನೆ ಸಾ. ಬದ್ಕಿರೋನ್ ಗ್ವಾಡೆ ಮ್ಯಾಲೆ ನಾವು ಕರಣೆ ಇಟ್ರೆ ಅವನ ಮೊಕಕ್ಕೆ ಉಗ್ದಂಗೆ" ಎಂದು ಹೊರಟೇ ಹೋದ.

ಪಂಡಿತರಿಗೆ ಇದರಿಂದ ಸಮಾಧಾನವಾದ ಹಾಗಿತ್ತು. ಅವರ ಬುದ್ಧಿಯೇ ಹಾಗೆ. ಹುಡುಗರ ಪುಸ್ತಕದಲ್ಲಿ ತಪ್ಪು ಕಂಡರೆ ಅದರ ಕೆಳಗೆ ಒಂದು ಕೆಂಪು ಚುಕ್ಕೆ ಇಟ್ಟು ವಾಪಸು ಕೊಡುತ್ತಿದ್ದರು. ಸರಿಯಾದದ್ದನ್ನು ತಾವು ಬರೆಯುತ್ತಿರಲಿಲ್ಲ. ಹುಡುಗ ಎರಡು ದಿನ ಬಿಟ್ಟು ಬಂದರೂ ಸರಿ, ಎಂಟು ದಿನ ಬಿಟ್ಟು ಬಂದರೂ ಸರಿ, ತಾನೇ ಕಂಡುಕೊಂಡು ತಿದ್ದಿ ತರಬೇಕು. ಅಲ್ಲಿಯವರೆಗೆ ಅವರು ಆ ವಿಷಯ ಎತ್ತುತ್ತಿರಲಿಲ್ಲ, ಗದರುತ್ತಲೂ ಇರಲಿಲ್ಲ. ಹುಡುಗರಿಗೆ ಆ ಸುಮ್ಮನಿರುವಿಕೆಗಿಂತ ಬೆತ್ತದ ಏಟೇ ವಾಸಿ ಅನ್ನಿಸುತ್ತಿತ್ತು. ಮನೆಯ ವಿಷಯದಲ್ಲೂ ಹಾಗೆಯೇ. ಕೆಡಿಸಿದವನೇ ಸರಿ ಮಾಡಬೇಕು, ಸರಿಯಾಗದ ಮನೆಯನ್ನು ಇನ್ನೊಬ್ಬರ ತಲೆಗೆ ಕಟ್ಟಬಾರದು. ಎರಡು ಹಟ ಸೇರಿ ಅವರನ್ನು ಆ ಮನೆಯಲ್ಲಿ ಕಟ್ಟಿಹಾಕಿದ್ದವು.

ಅವರು ನಿವೃತ್ತರಾದಾಗ ಮಗಳಿಗೆ ಒಂದು ಹೆಣ್ಣು ಮಗು ಇತ್ತು, ನಾಲ್ಕು ವರ್ಷದ್ದು. ಮನೆ ಮಾರಿ ಬಂದುಬಿಡಿ ಎಂದು ಮಗಳು ವಾರಕ್ಕೊಂದು ಕಾಗದ ಹಾಕುತ್ತಿದ್ದಳು. ಅವರ ಕಡೆ ವಿಜಯದಶಮಿಯ ದಿನ ಮಕ್ಕಳಿಗೆ ಅಕ್ಷರಾಭ್ಯಾಸ. ಮುಂದಿನ ವಿಜಯದಶಮಿಗೆ ಮೊಮ್ಮಗಳ ಕೈ ಹಿಡಿದು ಅಕ್ಕಿಯ ಮೇಲೆ ಮೊದಲ ಅಕ್ಷರ ತಾವೇ ಬರೆಸಬೇಕು ಎಂದು ಪಂಡಿತರಿಗೆ ಒಂದೇ ಆಸೆ. "ಮೂವತ್ತು ವರ್ಷ ಊರ ಮಕ್ಕಳಿಗೆ ಹೇಳಿಕೊಟ್ಟೆ ತಂಬಿ. ಇದೊಂದು ಮಗು ನನ್ನ ಕೈಯಲ್ಲಿ ಕಲಿಯಲಿ" ಎನ್ನುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ. ಒಳಗೊಳಗೇ ಆ ಮಗುವಿನ ಮೇಲೆ ನನಗೆ ಸಿಟ್ಟು. ನೋಡದ ಮಗುವಿನ ಮೇಲೆ ಇಪ್ಪತ್ತೇಳು ವರ್ಷದ ಗಂಡಸಿಗೆ ಸಿಟ್ಟು ಎಂದರೆ ನಾಚಿಕೆಗೇಡು, ಆದರೆ ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ.

ಭಾದ್ರಪದದ ಒಂದು ಭಾನುವಾರ ಅವರು ಮಾಂಬಳ್ಳಿಯಿಂದ ಹುಡುಗನ ಹಾಗೆ ಸೈಕಲ್ ತುಳಿದುಕೊಂಡು ಬಂದರು. ಮೇಸ್ತ್ರಿಗೆ ಮೊಮ್ಮಗಳ ಅಕ್ಷರಾಭ್ಯಾಸದ ವಿಷಯ ಹೇಳಿದರಂತೆ. ಅವನು ಅಂದು ವೀಳ್ಯವನ್ನು ಬಾಯಿಗೆ ಹಾಕಿಕೊಳ್ಳದೆ ಪಂಚೆಯ ಸೆರಗಿಗೆ ಕಟ್ಟಿಕೊಂಡನಂತೆ. "ಮಗಿಗೆ ಅಕ್ಸರ ಆಕ್ಸಾಕಾ? ಮದ್ಲೇ ಏಳ್ಬಾರ್ದಾ ಸಾ. ಗುರ್ವಾರ ಬತ್ತೀನಿ, ಬಂದೇ ಬತ್ತೀನಿ" ಅಂದನಂತೆ. ಕೊಳ್ಳುವವರೂ ಬೇರೊಬ್ಬರು ಸಿದ್ಧವಿದ್ದರು. ಬಚ್ಚಲು, ಬಾಗಿಲು ಸರಿಯಾದ ದಿನ ಬರುತ್ತೇವೆ ಎಂದಿದ್ದರು. ಬುಧವಾರ ಪಂಡಿತರು ಬಡಗಿಯನ್ನೂ ಜೊತೆಗೆ ಕರೆತರೋಣವೆಂದು ಹನೂರಿನ ಬಸ್ಸು ಹತ್ತಿದರು. ಮನೆಯ ಬೀಗದ ಕೈ ನನ್ನ ಹತ್ತಿರ ಕೊಟ್ಟಿದ್ದರು.

ಶಾಲೆಗೆ ಅಂದು ರಜೆ. ಹತ್ತು ಗಂಟೆಯ ಹೊತ್ತಿಗೆ ನಾನು ಅವರ ಜಗಲಿಯ ಮೇಲೆ ಕೂತಿದ್ದೆ. ಮೇಸ್ತ್ರಿ ಒಂದು ದಿನ ಮುಂಚೆಯೇ ಬಂದ. ಸೈಕಲ್ಲಿನ ಹಿಂದೆ ಚೀಲ, ಅದರಿಂದ ಮಟ್ಟಗೋಲು ಹೊರಗೆ ಚಾಚಿಕೊಂಡಿತ್ತು.

"ಪಂಡಿತ್ರು ಅವ್ರಾ ಸಾ?"

"ಇಲ್ಲ. ಹನೂರಿಗೆ ಹೋಗಿದಾರೆ."

"ನಾಳೆ ಅಂದಿದ್ದೆ. ಇವತ್ತೇ ಕೈ ಬಿಡುವಾಯ್ತು, ಬಂದ್ಬುಟ್ಟೆ. ಬೀಗದ್ ಕೈ ಇದ್ರೆ ಕೊಡಿ. ಅವ್ರು ಬರೋಷ್ಟೊತ್ಗೆ ಬಚ್ಲು ಕಿತ್ತಾಕಿರ್ತೀನಿ."

ಬೀಗದ ಕೈ ನನ್ನ ಜೇಬಿನಲ್ಲಿತ್ತು. ಆ ಬಚ್ಚಲು ಸರಿಯಾದರೆ ಹದಿನೈದು ದಿನದಲ್ಲಿ ಈ ಬಾಗಿಲಿಗೆ ಬೇರೆಯವರ ಬೀಗ ಬೀಳುತ್ತದೆ, ಸಂಜೆ ನಾನು ಮತ್ತೆ ಹೋಟೆಲಿನ ಬೆಂಚಿನ ಮೇಲೆ ಕೂರುತ್ತೇನೆ. ಅಷ್ಟೇ ನನ್ನ ತಲೆಯಲ್ಲಿ ಬಂದದ್ದು.

"ಕೆಲಸ ಆಗಿಹೋಯ್ತಲ್ಲ ಮೇಸ್ತ್ರಿ" ಅಂದೆ. "ಕುಂತೂರಿನವನು ಬಂದು ಮಾಡಿಕೊಟ್ಟು ಹೋದ."

"ಕುಂತೂರೋನಾ? ನನ್ ಗ್ವಾಡೆ ಮ್ಯಾಲಾ?"

"ಹೌದು."

ಒಳಗೆ ಬಂದು ನೋಡುತ್ತೇನೆ ಎಂದಿದ್ದರೆ ನನ್ನ ಬಣ್ಣ ಬಯಲಾಗುತ್ತಿತ್ತು. ಅನ್ನಲಿಲ್ಲ. ಅವಮಾನವಾದವನು ಒಳಗೆ ಬರುವುದಿಲ್ಲ, ಅದು ನನಗೆ ಗೊತ್ತಿತ್ತು. ಸೆರಗಿನ ಗಂಟು ಬಿಚ್ಚಿ, ಬಾಡಿದ ವೀಳ್ಯವನ್ನು ಜಗಲಿಯ ಮೇಲಿಟ್ಟ. "ಏಳ್ಬುಡಿ ಸಾ ಅವ್ರಿಗೆ. ಇನ್ ನಮ್ಮನೆ ತಾವ ಬರೋದ್ ಬ್ಯಾಡ" ಎಂದು ಸೈಕಲ್ ತಿರುಗಿಸಿಕೊಂಡು ಹೋದ. ನಾನು ಆ ಎಲೆಗಳನ್ನು ಚರಂಡಿಗೆ ಎಸೆದೆ.

ಒಂದೆರಡು ವಾರ ತಡವಾಗುತ್ತದೆ, ಅಷ್ಟೇ ಎಂದುಕೊಂಡಿದ್ದೆ. ಮರುದಿನ ಪಂಡಿತರು ಬಡಗಿಯನ್ನು ಕೂರಿಸಿಕೊಂಡು ಸಂಜೆಯವರೆಗೆ ಬೀದಿ ನೋಡಿದರು. ಭಾನುವಾರ ಮಾಂಬಳ್ಳಿಗೆ ಹೋದರು. ಮೇಸ್ತ್ರಿ ಒಳಗಿದ್ದೂ ಹೆಂಡತಿಯ ಕೈಲಿ ಊರಲ್ಲಿಲ್ಲ ಅನ್ನಿಸಿದ. ಇವರು ವೀಳ್ಯವನ್ನು ಹೊಸ್ತಿಲ ಪಕ್ಕ ಇಟ್ಟು ಬಂದರು. ಮುಂದಿನ ಭಾನುವಾರವೂ ಅದೇ. "ನಾನೇನಾದರೂ ತಪ್ಪು ಮಾತಾಡಿದೆನಾ ತಂಬಿ?" ಎಂದು ನನ್ನನ್ನು ಕೇಳಿದರು. ನಾನು ಹೇಗೆ ಹೇಳಲಿ ಎಂದೆ. ಕೊಳ್ಳುವವರು ಕಾದು ಬೇರೆ ಕಡೆ ಮನೆ ನೋಡಿಕೊಂಡರು. ವಿಜಯದಶಮಿ ಬಂತು, ಹೋಯಿತು. ಮಗಳ ಕಾಗದ ಓದಿ ಮಡಿಸುತ್ತಾ, "ಅಲ್ಲಿಯ ಶಾಲೆ ಮೇಷ್ಟರು ಅಕ್ಷರ ಬರೆಸಿದರಂತೆ. ಯಾರು ಬರೆಸಿದರೂ ಅಕ್ಷರವೇ ಅಲ್ಲವಾ?" ಎಂದರು. ಅಂದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದರು. ಕೇಳಿದಾಗ ಸರಿಯಿದೆ ಎಂದು ನಾನು ಎರಡು ಸಲ ಹಾಕಿಸಿಕೊಂಡು ಉಂಡೆ.

ಮಾಂಬಳ್ಳಿಗೆ ಹೋಗಿ ಮೇಸ್ತ್ರಿಗೆ ನಿಜ ಹೇಳಿಬಿಡಬಹುದಿತ್ತು. ಸೈಕಲ್ಲಿನಲ್ಲಿ ಎಷ್ಟು ದೂರ! ಎರಡು ಸಲ ಹೊರಟೆ. ಒಂದು ಸಲ ಹೊಳೆಯ ಸೇತುವೆಯವರೆಗೆ ಹೋಗಿ, ಎಮ್ಮೆಗಳು ನೀರಿಗಿಳಿಯುವುದನ್ನು ನೋಡುತ್ತಾ ನಿಂತು, ವಾಪಸು ಬಂದೆ. ಆಮೇಲೆ ಹೇಳುವುದು ಕಷ್ಟವಾಯಿತು. ಒಂದು ವಾರದ ಸುಳ್ಳನ್ನು ಒಪ್ಪಿಕೊಳ್ಳಬಹುದು, ಒಂದು ವರ್ಷದ ಸುಳ್ಳನ್ನು ಒಪ್ಪಿಕೊಳ್ಳಲು ಬಾಯಿ ಬರುವುದಿಲ್ಲ. ಹೀಗೆ ಆರು ವರ್ಷ ಕಳೆಯಿತು.

ಆ ಆರು ವರ್ಷ ನಾನು ಸುಖವಾಗಿದ್ದೆ ಎಂದುಕೊಂಡರೆ ತಪ್ಪು. ಅವರು ಎದುರಿಗೇ ಇದ್ದರು, ಬಡಿಸುತ್ತಿದ್ದರು, ಆದರೆ ಮಾತು ಕಡಿಮೆಯಾಯಿತು. ಹಳೆಯ ಶಿಷ್ಯರು ಯಾರೂ ಬರುತ್ತಿರಲಿಲ್ಲ. ಬೀದಿಯಲ್ಲಿ ತಮಿಳಿನಲ್ಲಿ ಕೂಗುತ್ತಾ ಪಾತ್ರೆ ಮಾರುವವನು ಬಂದರೆ, ಬೇಕಿಲ್ಲದಿದ್ದರೂ ನಿಲ್ಲಿಸಿ ಚೌಕಾಸಿ ಮಾಡುತ್ತಿದ್ದರು, ಆ ಮಾತಿಗಾಗಿ. ಮಂಡಿ ನೋವು ಬಂದು ಸೈಕಲ್ ಬಿಟ್ಟರು. ಆಮೇಲೆ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೋಗಿ ಆ ಹೊಸ್ತಿಲ ಪಕ್ಕ ವೀಳ್ಯ ಇಟ್ಟು ಬರುತ್ತಿದ್ದರು. ನಾನು ಅವರ ಜೊತೆಗಿದ್ದೆ, ಆದರೂ ಇಬ್ಬರೂ ಒಂಟಿಯಾಗಿದ್ದೆವು. ಅವರ ಒಂಟಿತನ ನಾನು ಮಾಡಿದ್ದು, ನನ್ನದೂ ನಾನೇ ಮಾಡಿಕೊಂಡದ್ದು.

ಕೊನೆಗೆ ಅವರಿಬ್ಬರೂ ಸಿಕ್ಕಿದ್ದು ಕೊಳ್ಳೇಗಾಲದ ಆಸ್ಪತ್ರೆಯ ಬೆಂಚಿನ ಮೇಲೆ. ಇವರು ಮಂಡಿಗೆ, ಮೇಸ್ತ್ರಿ ಕೆಮ್ಮಿಗೆ. ನಾನು ಅಲ್ಲಿರಲಿಲ್ಲ. ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ಮೇಸ್ತ್ರಿ ಚೀಲ ಹೊತ್ತು ನಡೆದು ಬಂದ. ಬಚ್ಚಲಿಗೆ ಹೋಗಿ ತನ್ನ ಹಳೆಯ ನೆಲ ಹಾಗೇ ಇರುವುದನ್ನು ನೋಡಿದ. ಹೊರಗೆ ಬಂದು ಜಗಲಿಯಲ್ಲಿದ್ದ ನನ್ನನ್ನು ನೋಡಿದ.

"ಮೇಷ್ಟ್ರೇ" ಅಂದ. "ನಿಮ್ ಬಾಯಿಂದ ಬಂತಲ್ಲ ಅಂತ ನಂಬ್ದೆ. ಬ್ಯಾರೆ ಯಾರಾದ್ರೂ ಏಳಿದ್ರೆ ಒಳಕ್ ಬಂದು ನೋಡ್ತಿದ್ದೆ."

ಪಂಡಿತರು ಒಳಗೆ ಇದ್ದರು. ಕೇಳಿಸಿರಲೇಬೇಕು. ಮೂರು ದಿನದಲ್ಲಿ ಕೆಲಸ ಮುಗಿಯಿತು. ಬಚ್ಚಲು ಕಿತ್ತು ನೀರು ಕಿಂಡಿಯ ಕಡೆ ಹರಿಯುವ ಹಾಗೆ ಹೊಸದಾಗಿ ಓಟ ಕೊಟ್ಟ, ಬಾಗಿಲು ಎತ್ತಿ ಕೂರಿಸಿದ, ಗೋಡೆ ಕೆತ್ತಿ ಕಿಟಕಿ ಸರಿಪಡಿಸಿದ, ಸ್ವಿಚ್ಚನ್ನು ಈ ಕಡೆಗೆ ತರಿಸಿದ. ಮೂರು ಸಂಜೆಯೂ ನಾನು ಊಟಕ್ಕೆ ಹೋದೆ. ಮೂರು ಸಂಜೆಯೂ ಪಂಡಿತರು ಬಡಿಸಿ, ಉಪ್ಪು ಸರಿಯಾ ಎಂದು ಕೇಳಿ, ನನ್ನ ಎದುರಿಗೆ ಕೂತರು. ಊಟ ಮುಗಿದ ಮೇಲೂ ಎದ್ದು ಹೋಗದೆ ಸ್ವಲ್ಪ ಹೊತ್ತು ಕೂತಿರುತ್ತಿದ್ದರು. ನಾನು ಎಲೆ ಮಡಿಸಿಕೊಂಡು ಎದ್ದು ಬರುತ್ತಿದ್ದೆ.

ಮನೆ ಮಾರಿ ಹೊರಡುವ ದಿನ ಚಾಮರಾಜನಗರದ ಬಸ್ಸಿಗೆ ನಾನೇ ಟ್ರಂಕು ಹೊತ್ತೆ. ಅಲ್ಲಿಂದ ದಿಂಬಂ ಘಾಟಿ ಇಳಿದು ಸತ್ಯಮಂಗಲ. ಕಿಟಕಿಯ ಪಕ್ಕ ಕೂತು, "ಹೋಟೆಲಿನಲ್ಲಿ ತಿನ್ನಬೇಡ ತಂಬಿ. ಮದುವೆ ಮಾಡಿಕೋ" ಅಂದರು. ಬಸ್ಸು ಹೊರಡುವವರೆಗೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಕಂಡಕ್ಟರಿಗೆ ಟ್ರಂಕು ಜೋಪಾನ ಎಂದು ಹೇಳುತ್ತಾ ನಿಂತಿದ್ದೆ.

ಎಂಟು ತಿಂಗಳ ನಂತರ ಒಂದು ಕಾರ್ಡು ಬಂತು. ಮೇಲ್ತುದಿಗೆ ಸಾವಿನ ಕರಿ ಬಳಿದಿತ್ತು. ತಮಿಳು ಓದಲು ಬಾರದ ನಾನು ಅದನ್ನು ಬಜಾರಿನ ಅಂಗಡಿಯವರೊಬ್ಬರಿಂದ ಓದಿಸಿದೆ. ಪಂಡಿತರು ತೀರಿಕೊಂಡಿದ್ದರು. ಮರುದಿನವೇ ಹೊರಟೆ. ಈ ಸಲ ಹೇಳಲೇಬೇಕು, ಅವರಿಗೆ ಹೇಳದಿದ್ದರೂ ಅವರ ಮಗಳಿಗಾದರೂ, ಎಂದು ಘಾಟಿಯ ತಿರುವು ತಿರುವಿಗೂ ಮಾತು ಜೋಡಿಸಿಕೊಂಡು ಹೋದೆ.

ಮಗಳು ನನ್ನನ್ನು ನೋಡಿದ್ದೇ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಅಚ್ಚ ಕೊಳ್ಳೇಗಾಲದ ಮಾತಿನಲ್ಲಿ, "ಬನ್ನಿ ಅಣ್ಣಾ, ಕೂತ್ಕಳಿ" ಅಂದಳು. ಹುಟ್ಟಿ ಬೆಳೆದದ್ದು ಅಲ್ಲೇ ತಾನೆ. "ಇಲ್ಲಿ ಕನ್ನಡ ಆಡೋರೇ ಇಲ್ಲ. ಅಪ್ಪ ಇದ್ದಾಗ ನಾವಿಬ್ರೂ ಆಡ್ತಿದ್ವಿ" ಅಂದಳು. ಮೊಮ್ಮಗಳು ಬಂದು ಕಂಬ ಹಿಡಿದು ನಿಂತಳು. ಹನ್ನೊಂದು ವರ್ಷ ಇರಬೇಕು, ಎರಡು ಜಡೆ, ಕೈಯಲ್ಲಿ ಶಾಲೆಯ ಪುಸ್ತಕ. ತಾತ ಬಂದಾಗ ಮೊದಮೊದಲು ಇವಳು ಮಾತೇ ಆಡುತ್ತಿರಲಿಲ್ಲವಂತೆ. ಯಾರೋ ನೆಂಟರು ಎನ್ನುವ ಹಾಗೆ ದೂರ ನಿಲ್ಲುತ್ತಿದ್ದಳಂತೆ. ಹತ್ತಿರವಾಗುವ ಹೊತ್ತಿಗೆ ಅವರು ಹಾಸಿಗೆ ಹಿಡಿದರು.

"ಇನ್ನೊಂದ್ನಾಕ್ ವರ್ಷ ಮುಂಚೆ ಬಂದಿದ್ರೆ" ಎಂದಳು ಮಗಳು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ, "ಆ ಪಾಪಿ ಮೇಸ್ತ್ರಿ ಬಿಡ್ನಿಲ್ವಲ್ಲ. ಏನೋ, ಅಲ್ಲಿ ನೀವಾದ್ರೂ ಇದ್ರಿ. ನಿಮ್ಮಂತೋರು ಜತೇಲಿಲ್ದಿದ್ರೆ ಅಪ್ಪ ಅಷ್ಟು ವರ್ಷ ಎಂಗಿರ್ತಿದ್ರು?" ಎಂದು ಎದ್ದು ನನ್ನ ಕಾಲು ಮುಟ್ಟಿದಳು. ಆಮೇಲೆ ಎಲೆ ಹಾಕಿ ಬಡಿಸಿದಳು. ನಾನು ಉಂಡು, ಕೈ ತೊಳೆದು, ಸಂಜೆಯ ಬಸ್ಸಿಗೆ ವಾಪಸು ಬಂದೆ.

ಆಕೆ ಓದಿದ್ದೆಲ್ಲ ತಮಿಳಿನಲ್ಲಿ. ಕನ್ನಡ ಮಾತಾಡಲು ಬರುತ್ತದೆ, ಓದಲು ಬಾರದು. ಅದು ಗೊತ್ತಿರುವುದರಿಂದಲೇ ಇದನ್ನೆಲ್ಲ ಬರೆಯಲು ನನಗೆ ಧೈರ್ಯ ಬಂದಿದೆ.